ಮಿಲ್ಲಿನ ಸದ್ದು ಸೋಸಿದ ಕಾರ್ಡು

ಕವಿತ ಸುಳ್ಳು ಹೇಳಿದ್ದನ್ನು ನಾನು ನೋಡಿರುವುದು ಒಂದೇ ಸಲ.

ನಾನು ನಾಗಮಣಿ. ಮಂಡ್ಯದಲ್ಲಿ ಆಸ್ಪತ್ರೆಗೆ ಹೋಗುವ ಬೀದಿಯಲ್ಲಿ ನನ್ನದು ಜೆರಾಕ್ಸ್ ಅಂಗಡಿ, ಪಕ್ಕದ್ದೇ ಅವಳ ಕಂಪ್ಯೂಟರ್ ರಿಪೇರಿ ಅಂಗಡಿ. ನಡುವೆ ಇರುವುದು ಬರೀ ಪ್ಲೈವುಡ್ಡು, ಹಾಗಾಗಿ ಅವಳ ಸಮಾಚಾರವೆಲ್ಲ ನನಗೆ ಗೊತ್ತು. ಗೇಮ್ ಆಡುವವರು ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಯಾವುದನ್ನು ಕೊಂಡರೂ ಮೊದಲು ಇವಳ ಹತ್ತಿರ ತರುತ್ತಾರೆ. ಚೆನ್ನಾಗಿಲ್ಲದಿದ್ದರೆ ಮುಖಕ್ಕೆ ಹೊಡೆದಂತೆ ಹೇಳುತ್ತಾಳೆ. ಬೇಜಾರಾದೀತು ಅಂತ ಮಾತು ಮೆತ್ತಗೆ ಮಾಡುವವಳಲ್ಲ.

ಆ ಬಾಯಿ ಅಪ್ಪ ಕರಿಯಪ್ಪನಿಂದ ಬಂದದ್ದಿರಬೇಕು. ಇಲ್ಲೇ ಹತ್ತಿರದ ಆತಗೂರು ಕಡೆ ಗದ್ದೆ, ಕಬ್ಬು ಇರುವ ಕುಳ. ಮಗಳು ಬೇರೆ ಜಾತಿಯ ಪುಟ್ಟರಾಜುವನ್ನು ಮದುವೆಯಾದ ದಿನವೇ, ಈ ಮನೆಯವರು ಯಾರೂ ಅವಳ ಜೊತೆ ಮಾತಾಡಕೂಡದು ಅಂತ ಆಣೆ ಹಾಕಿಸಿದ. ತಾಯಿ ಯಶೋದಮ್ಮ, ತಮ್ಮ ಯತೀಶ್ ಇಬ್ಬರೂ ತಲೆಬಾಗಿದರು. ಅಲ್ಲಿಂದಾಚೆಗೆ ಒಂದು ಫೋನಿಲ್ಲ. ಪುಟ್ಟರಾಜು ಒಳ್ಳೆಯವನು, ಸಂಸಾರಕ್ಕೆ ಕೊರತೆಯಿಲ್ಲ. ಆದರೂ ಅವ್ವನನ್ನು ಒಂದು ಸಲ ಹತ್ತಿರದಿಂದ ನೋಡಬೇಕು ಅನ್ನುವುದೊಂದು ಅವಳ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಆ ಮಾತು ಬಂದರೆ ಸ್ಕ್ರೂಡ್ರೈವರ್ ಹಿಡಿದು ತಲೆ ತಗ್ಗಿಸಿಬಿಡುತ್ತಿದ್ದಳು.

ಸಂಜೆ ಹೊತ್ತು ಅಂಗಡಿಯಲ್ಲಿ ಅವಳೂ ಗೇಮ್ ಆಡುತ್ತಿದ್ದಳು. ಸಂಸಾರಸ್ಥ ಹೆಂಗಸಿಗೆ ಇದೆಂಥ ಹುಚ್ಚು ಅಂತ ನಾನು ಬೈದದ್ದುಂಟು. ಜೊತೆಗೊಬ್ಬ ಇಂಟರ್ನೆಟ್ಟಿನಲ್ಲಿ ಆಡುತ್ತಿದ್ದ, ಮುಳ್ಳಂದಿ ಅಂತ ಹೆಸರಿಟ್ಟುಕೊಂಡು. ರಾಯಚೂರಿನವನಂತೆ, ಯಾವುದೋ ಮಿಲ್ಲಿನಲ್ಲಿ ಕೆಲಸವಂತೆ. ಅವನ ಮೈಕಿನಿಂದ ಬರುತ್ತಿದ್ದುದು ಬರೀ ಮಿಲ್ಲಿನ ಗಡಗಡ. ಹೇಳಬೇಕಾದ್ದನ್ನು ಬರೆದೇ ಕಳಿಸುತ್ತಿದ್ದ. ಆದರೂ ಮೈಕನ್ನು ಮಾತ್ರ ಯಾವತ್ತೂ ಆರಿಸುತ್ತಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಒಂದು ದಿನ ಲೆಕ್ಚರರ್ ಶಿವರಾಮು ಹೊಸ ಕಾರ್ಡು ತಂದ. ಅದರ ಬೆಲೆಗೆ ಎರಡು ಸೀಮೆ ಹಸು ಬರುತ್ತವೆ ಅಂತ ತಿಳಿದು ನಾನು ಬಾಯಿ ಮೇಲೆ ಕೈಯಿಟ್ಟುಕೊಂಡೆ. ಇಟ್ಟಿಗೆಯಷ್ಟು ದಪ್ಪ, ಮೂರು ಫ್ಯಾನು. ವಾಪಸ್ ಕೊಡಲು ಇನ್ನೂ ಅವಕಾಶವಿದೆ, ಇಟ್ಟುಕೊಳ್ಳಲೋ ಬೇಡವೋ ನೋಡಿ ಹೇಳಿ ಎಂದ.

ಅದು ಕಂಪ್ಯೂಟರಿನ ಡಬ್ಬಿಯೊಳಗೆ ಹಿಡಿಸಲೇ ಇಲ್ಲ. ಕವಿತ ಎಲ್ಲ ಬಿಚ್ಚಿ ಮೇಜಿನ ಮೇಲೆ ಹರಡಿ ಜೋಡಿಸಿದಳು. ಭಾರೀ ಗೇಮ್ ಒಂದನ್ನು ಓಡಲು ಬಿಟ್ಟು ಶಾಖ ಎಷ್ಟೇರುತ್ತದೆ ನೋಡಿದಳು, ಫ್ಯಾನಿಗೆ ಕಿವಿ ಕೊಟ್ಟಳು. ಪರದೆಯ ಮೇಲಿನ ಮಳೆಯಲ್ಲಿ ಒಂದೊಂದು ಹನಿಯೂ ಕಾಣುತ್ತಿತ್ತು. ನಾನು ಬೈಯುವುದನ್ನು ಮರೆತು ನಿಂತೆ. ಅವಳು ಮಾತ್ರ, ಕರೆಂಟು ವಿಪರೀತ ತಿನ್ನುತ್ತದೆ, ಬೇಸಿಗೆಯಲ್ಲಿ ನಿಮ್ಮ ರೂಮು ಒಲೆಯಾಗುತ್ತದೆ ಅಂತ ಶಿವರಾಮುಗೆ ನೇರವಾಗಿ ಹೇಳಿದಳು.

ಉಳಿದಿದ್ದು ಒಂದೇ ಪರೀಕ್ಷೆ. ಎದುರಿನವರ ಕಡೆಯ ಗದ್ದಲವನ್ನು ಸೋಸಿ ಮಾತನ್ನಷ್ಟೇ ಉಳಿಸುವ ಗುಣ ಆ ಕಾರ್ಡಿಗಿದೆಯಂತೆ. ಮುಳ್ಳಂದಿಯ ಮಿಲ್ಲಿಗಿಂತ ಗದ್ದಲ ಇನ್ನೆಲ್ಲಿ ಸಿಗಬೇಕು? ಅವನಿಗೇನೂ ತಿಳಿಸದೆ ಆಟ ಶುರು ಮಾಡಿದಳು. ನಮಗೂ ಕೇಳಲಿ ಅಂತ ಸ್ಪೀಕರ್ ಹಾಕಿ, ತನ್ನ ಮೈಕು ಆರಿಸಿದಳು. ಗಡಗಡ ಸದ್ದು ಅಂಗಡಿ ತುಂಬಿತು. ಒಂದು ಗುಂಡಿ ಒತ್ತಿದಳು.

ಸದ್ದು ತಟ್ಟನೆ ಇಲ್ಲವಾಯಿತು. ಪಕ್ಕದಲ್ಲೇ ಕೂತಿದ್ದಾನೇನೋ ಅನ್ನುವಷ್ಟು ಸ್ಪಷ್ಟವಾಗಿ ಒಂದು ಗಂಡು ದನಿ ಮಾತಾಡುತ್ತಿತ್ತು.

“ಅವ್ವುಂಗೆ ಮಂಡಿ ನೋವು ಜಾಸ್ತಿ ಆಗದೆ ಕಣಕ್ಕ. ಮಂಗಳವಾರ ಆಸ್ಪತ್ರೆಗೆ ಕರ್ಕೊಂಡ್ ಬತ್ತೀನಿ. ಆಟೋ ಬ್ಯಾಡ ಅಂತಳೆ, ನಿನ್ನಂಗ್ಡಿ ಮುಂದ್ಲಿಂದ ನಡ್ಕೊಂಡೇ ಓಗ್ಬೇಕಂತೆ. ಆವತ್ತು ಬಂದಾಗ ನೀನು ಬಗ್ಗಿಕೊಂಡಿದ್ದೆ. ಮೊಕ ಕಾಣ್ನಿಲ್ಲ ಅಂತ ದಾರಿ ಉದ್ದಕ್ಕೂ ಅತ್ಲು.”

ಕವಿತ ಸ್ಪೀಕರಿನ ಕಡೆ ಬಗ್ಗಿದಳು. “ಯತೀಸ” ಎಂದಳು, ತುಟಿಯಲ್ಲೇ.

ರಾಯಚೂರು ಅಂದದ್ದು ಸುಳ್ಳು. ಆ ಮಿಲ್ಲು ಕರಿಯಪ್ಪನೇ ಹಾಕಿಸಿದ್ದು ಅಂತ ಆಮೇಲೆ ತಿಳಿಯಿತು, ಆ ಸುದ್ದಿ ಕೂಡ ಇವಳಿಗೆ ತಲುಪಿರಲಿಲ್ಲ. ಆಣೆಗೆ ಹೆದರಿದ ತಮ್ಮ, ಹೇಗೂ ಕೇಳಿಸುವುದಿಲ್ಲ ಅನ್ನುವ ಧೈರ್ಯದಲ್ಲಿ, ಇಷ್ಟು ವರ್ಷ ಆ ಸದ್ದಿನೊಳಗೆ ಕೂತು ಅಕ್ಕನಿಗೆ ಮನೆಯ ಸುದ್ದಿಯನ್ನೆಲ್ಲ ಹೇಳಿಕೊಂಡೇ ಬಂದಿದ್ದ. ಅದೆಲ್ಲ ಇವಳ ಕಿವಿಗೆ ಬರೀ ಗಡಗಡವಾಗಿ ಬಿದ್ದು ಹಾಳಾಗಿತ್ತು.

ಇವಳು ಆಡುವುದನ್ನು ನಿಲ್ಲಿಸಿದ್ದು ಕಂಡು ಅವನು ಬರೆದ: “ಯಾಕೆ, ಏನಾಯ್ತು?”

ಕೇಳಿಸಿತು ಅಂದರೆ ಅವನು ಹೆದರಿ ಮತ್ತೆ ಇತ್ತ ಸುಳಿಯುವುದಿಲ್ಲ. ಮಂಗಳವಾರ ಬರುವುದೂ ಇಲ್ಲ. ಅದು ನನಗೇ ಹೊಳೆದಿತ್ತು, ಅವಳಿಗೆ ಹೊಳೆಯದೆ ಇರುತ್ತದೆಯೇ? ಕವಿತ ಬರೆದಳು: “ಏನಿಲ್ಲ. ನಿಮ್ಮ ಮಿಲ್ಲಿನ ಸದ್ದಿಗೆ ತಲೆ ಕೆಟ್ಟೋಯ್ತು.”

ಆಮೇಲೆ ಶಿವರಾಮು ಕಡೆ ತಿರುಗಿ, “ಮಡಿಕಳಿ ಸಾ, ಈ ಕಾರ್ಡ್ನ” ಎಂದಳು. ಅವನು ತಲೆಯಾಡಿಸಿದ.

ಮಂಗಳವಾರ ಅಂಗಡಿಯ ಕುರ್ಚಿಯನ್ನು ಬೀದಿಗೆ ತಂದು ಹಾಕಿ, ಅದರ ಪಕ್ಕ ಬೆಳಿಗ್ಗೆಯಿಂದಲೇ ನಿಂತಳು. ಗಿರಾಕಿಗಳನ್ನು ಕಾಯಲು ಬಿಟ್ಟು ನಾನೂ ಬಾಗಿಲಿಗೆ ಬಂದೆ. ಬಹಳ ಹೊತ್ತಿನ ಮೇಲೆ ಯಶೋದಮ್ಮ ಮಗನ ತೋಳು ಹಿಡಿದು ಕುಂಟುತ್ತ ಬಂದರು. ಕವಿತ ಎದುರಿಗೇ ನಿಂತಿರುವುದನ್ನು ಕಂಡು ಇಬ್ಬರೂ ಗಾಬರಿಯಿಂದ ಬೇರೆ ಕಡೆ ಮುಖ ಮಾಡಿದರು.

“ಮಂಡಿ ನೋಯ್ತದಲ್ಲವ್ವ” ಎಂದಳು ಕವಿತ. “ಕೂತ್ಕೊ. ಈ ಸಲ ಮೊಕ ಸರಿಯಾಗಿ ನೋಡ್ಕಂಡು ಓಗು.”

ಯತೀಶ್ ಅಕ್ಕನನ್ನು ನೋಡಿದ, ಒಳಗಿದ್ದ ಕಂಪ್ಯೂಟರನ್ನು ನೋಡಿದ. ಯಶೋದಮ್ಮ ಆಣೆಯನ್ನು ಮುರಿಯಲಿಲ್ಲ. ಒಂದು ಮಾತೂ ಆಡದೆ ಕುರ್ಚಿಯಲ್ಲಿ ಕೂತು, ಮಗಳನ್ನು ಬಗ್ಗಿಸಿಕೊಂಡು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.