ಇನ್ನೊಬ್ಬರ ಕೋಡಿನಲ್ಲಿ ನಾನು ಮಾರಿದ ಪಾಲಿಸಿಗಳು

ಪೀಣ್ಯ ಎರಡನೇ ಹಂತದಲ್ಲಿ ಬೋಲ್ಟು, ನಟ್ಟು ಮಾಡುವ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು. ಇಎಸ್ಐ ಅರ್ಜಿಯಿರಲಿ, ಬ್ಯಾಂಕಿನ ಚಲನ್ ಇರಲಿ, ಊಟದ ಬಿಡುವಿನಲ್ಲಿ ಎಲ್ಲರೂ ನನ್ನ ಮುಂದೆ ತಂದು ಇಡುತ್ತಿದ್ದರು. ಬರೆದುಕೊಡುತ್ತಿದ್ದೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ವಿಮಾ ಕಂಪನಿಯ ಅಧಿಕಾರಿಯೊಬ್ಬರು ನಮ್ಮ ಕ್ಯಾಂಟೀನಿಗೆ ಬಂದರು. ಏಜೆಂಟರನ್ನು ಹುಡುಕಿ, ಅವರಿಂದ ಪಾಲಿಸಿ ಮಾಡಿಸುವುದು ಅವರ ಕೆಲಸ. ಅರ್ಧ ಗಂಟೆ ಮಾತಾಡಿದರು, ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರು ಹೋದ ಮೇಲೆ ಲೇತ್ ವಿಭಾಗದ ನಾಲ್ಕು ಜನ ನನ್ನ ಹತ್ತಿರ ಬಂದು, ಇದು ಒಳ್ಳೆಯದಾ ಅಕ್ಕ, ಮಾಡಿಸಬಹುದಾ ಎಂದು ಕೇಳಿದರು. ಈ ಸಂಗತಿ ಆ ಅಧಿಕಾರಿಗಳ ಕಿವಿಗೆ ಬಿತ್ತು. ಮರುವಾರ ಬಂದವರು ನೇರವಾಗಿ ನನ್ನ ಬೆಂಚಿಗೇ ಬಂದು ಕೂತರು.

ಪ್ಲೇಟಿಂಗ್ ಯೂನಿಟ್ಟಿನಲ್ಲಿದ್ದ ನನ್ನ ಗಂಡ, ಆಸಿಡ್ ಹೊಗೆ ಎದೆಗೆ ಹತ್ತಿ, ಆಗಷ್ಟೇ ಕೆಲಸ ಬಿಟ್ಟು ಮನೆಯಲ್ಲಿದ್ದರು. ನನಗೆ ಇನ್ನೊಂದು ಆದಾಯ ಬೇಕಿತ್ತು. ಆದರೆ ಏಜೆಂಟ್ ಲೈಸೆನ್ಸಿಗೆ ಪಿಯುಸಿ ಬೇಕು, ನನ್ನದು ಎಸ್ಸೆಸ್ಸೆಲ್ಸಿ. ಅಧಿಕಾರಿಗಳು ಅದಕ್ಕೊಂದು ದಾರಿ ತೋರಿಸಿದರು. ಅವರ ತಂಗಿ ಗಂಡನನ್ನು ಬಿಟ್ಟು ಬಂದು ಅವರ ಮನೆಯಲ್ಲೇ ಇದ್ದಳು, ಅವಳ ಹೆಸರಿನಲ್ಲಿ ಒಂದು ಏಜೆನ್ಸಿ ಇತ್ತು. ನಾನು ಮಾಡಿಸಿದ ಪಾಲಿಸಿಗಳನ್ನೆಲ್ಲ ಆ ಏಜೆನ್ಸಿಯ ಕೋಡ್ ನಂಬರಿನಲ್ಲಿ ಹಾಕುವುದು, ಮೊದಲ ವರ್ಷದ ಕಮಿಷನ್ನಿನಲ್ಲಿ ಅರ್ಧ ನನಗೆ. ಆಮೇಲಿನ ವರ್ಷಗಳಲ್ಲಿ ಏಜೆಂಟರಿಗೆ ಏನೂ ಬರುವುದಿಲ್ಲ ಎಂದರು. ನಾನು ನಂಬಿದೆ.

ನಾಲ್ಕು ವರ್ಷದಲ್ಲಿ ಅರವತ್ತಮೂರು ಪಾಲಿಸಿ ಮಾಡಿಸಿದೆ. ಕಾರ್ಖಾನೆ ಮುಗಿಸಿ ದಾಸರಹಳ್ಳಿ, ಚೊಕ್ಕಸಂದ್ರದ ಬಾಡಿಗೆ ಮನೆಗಳಿಗೆ ನಡೆದು ಹೋಗುತ್ತಿದ್ದೆ. ಕಂತು ತಪ್ಪದಂತೆ ನೆನಪಿಸುತ್ತಿದ್ದೆ, ರಜೆ ಸಿಗದವರ ದುಡ್ಡನ್ನು ನಾನೇ ತೆಗೆದುಕೊಂಡು ಹೋಗಿ ಬ್ರಾಂಚಿನಲ್ಲಿ ಕಟ್ಟುತ್ತಿದ್ದೆ. ತಿಂಗಳಿಗೊಮ್ಮೆ ಅಧಿಕಾರಿಗಳ ಮನೆಗೆ ಹೋಗಿ ಆ ತಂಗಿಯಿಂದ ಅರ್ಜಿಗಳಿಗೆ ಸಹಿ ಹಾಕಿಸಿಕೊಳ್ಳಬೇಕಿತ್ತು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು, ಓದದೆ ಸಹಿ ಹಾಕಿ, ಒಳಗೆ ಹೋಗುತ್ತಿದ್ದಳು.

ಒಂದು ದಿನ ಬ್ರಾಂಚಿನಲ್ಲಿ ಕಂತು ಕಟ್ಟಲು ಸಾಲಿನಲ್ಲಿದ್ದಾಗ, ಬೆಂಚಿನ ಮೇಲೆ ವಯಸ್ಸಾದ ಏಜೆಂಟರೊಬ್ಬರು ಉದ್ದದ ಪಟ್ಟಿಯೊಂದನ್ನು ಬೆರಳಿಟ್ಟು ಓದುತ್ತಿದ್ದರು. ಏನಿದು ಎಂದು ಕೇಳಿದೆ. ಈ ತಿಂಗಳ ಕಮಿಷನ್ನು ಎಂದರು. ಇಷ್ಟೊಂದು ಹೊಸ ಪಾಲಿಸಿಯಾ ಎಂದಾಗ ನಕ್ಕರು.

"ಹೊಸ್ದು ಎರಡೇ ಕಣಮ್ಮ. ಉಳಿದಿದ್ದೆಲ್ಲ ಹಳೇದು. ಇಲ್ನೋಡು, ಈ ಹುಡ್ಗಿ ತೊಟ್ಲಲ್ಲಿದ್ದಾಗ ಮಾಡ್ಸಿದ್ದು. ಈಗ ಅವಳಿಗೆ ಮದ್ವೆ ಗೊತ್ತಾಗೈತೆ. ಇನ್ನೂ ಬರ್ತಾ ಐತೆ."

ನಾನು ಸಾಲು ಬಿಟ್ಟು ಅವರ ಪಕ್ಕ ಕೂತೆ. ಅವರು ಬಿಡಿಸಿ ಹೇಳಿದರು. ಮೊದಲ ವರ್ಷ ದೊಡ್ಡ ಪಾಲು ಬರುತ್ತದೆ. ಆಮೇಲೆ ಕಡಿಮೆಯಾಗುತ್ತದೆ, ಆದರೆ ಜನ ಕಂತು ಕಟ್ಟುವಷ್ಟು ವರ್ಷವೂ ಬರುತ್ತಲೇ ಇರುತ್ತದೆ. ಇಂತಿಷ್ಟು ವರ್ಷ ಏಜೆನ್ಸಿ ನಡೆಸಿದರೆ, ತಾನು ಸತ್ತ ಮೇಲೂ ಹೆಂಡತಿಗೆ ಬರುತ್ತದೆ ಎಂದರು. ನನ್ನ ಕೈಚೀಲದಲ್ಲಿ ಆಗ ಏಳು ಜನರ ಕಂತಿನ ದುಡ್ಡಿತ್ತು. ನಾನು ಅದನ್ನು ಕಟ್ಟಿದ ಕೂಡಲೇ ಅದರಲ್ಲೊಂದು ಚೂರು ಅಧಿಕಾರಿಗಳ ಮನೆಗೆ ಹೋಗಿ ಸೇರುತ್ತದೆ. ನಾಲ್ಕು ವರ್ಷದಿಂದ ನನ್ನ ಚಪ್ಪಲಿ ಸವೆಸಿಕೊಂಡು ನಾನೇ ತಲುಪಿಸುತ್ತಿದ್ದೆ.

ಅಧಿಕಾರಿಗಳ ಟೇಬಲ್ಲಿಗೆ ಹೋಗಿ ಕೇಳಿದೆ. ಅವರು ಸಿಟ್ಟಾಗಲಿಲ್ಲ, ಗಾಬರಿಯೂ ಬೀಳಲಿಲ್ಲ. ಕುರ್ಚಿ ತೋರಿಸಿ, ನಿಧಾನವಾಗಿ ಹೇಳಿದರು.

"ಕೋಡ್ ಯಾರ್ದಮ್ಮ? ಪಾಲಿಸಿ ಪೇಪರಲ್ಲಿ ಎಲ್ಲಾದ್ರೂ ನಿಮ್ಮ ಹೆಸರಿದ್ಯಾ? ತೋರ್ಸಿ, ಈಗ್ಲೇ ಕೊಟ್ಬಿಡ್ತೀನಿ."

ಅಂದಿನಿಂದ ಅವರು ನನ್ನ ಮನಸ್ಸಿನಲ್ಲಿ 'ಅವನು' ಆದರು. ಇವತ್ತಿಗೂ ಅವನೇ.

ಮೊದಲು ಹೊಳೆದ ಉಪಾಯ ಸುಲಭದ್ದು. ಕಂತು ಕಟ್ಟಬೇಡಿ ಎಂದು ಅರವತ್ತಮೂರು ಜನಕ್ಕೂ ಹೇಳಿಬಿಟ್ಟರೆ ಸಾಕು, ಪಾಲಿಸಿ ನಿಂತುಹೋಗುತ್ತದೆ, ಅವನ ಕಮಿಷನ್ನೂ ನಿಲ್ಲುತ್ತದೆ. ಗ್ರೈಂಡಿಂಗ್ ವಿಭಾಗದ ಒಬ್ಬನಿಗೆ ಹೇಳಿಯೂ ಬಿಟ್ಟೆ. ಆ ಹುಡುಗ ಮರುಪ್ರಶ್ನೆ ಕೇಳದೆ ಆಯ್ತಕ್ಕ ಎಂದ. ಅವನ ಹೆಂಡತಿ ಬಸುರಿ, ಅವನು ದಿನವಿಡೀ ನಿಲ್ಲುತ್ತಿದ್ದುದು ಕಿಡಿ ಹಾರುವ ಕಲ್ಲಿನ ಮುಂದೆ. ಆ ಸಂಜೆಯೇ ಅವನ ಮನೆಗೆ ಹೋಗಿ, ನನ್ನ ಮಾತು ತಪ್ಪಾಯಿತು, ಕಟ್ಟು ಎಂದು ಹೇಳಿ ಬಂದೆ. ಅದರಿಂದ ನನ್ನ ಸಿಟ್ಟು ಕಡಿಮೆಯಾಗಲಿಲ್ಲ. ಆ ಅಧಿಕಾರಿಯೊಬ್ಬನನ್ನೇ ಮುಟ್ಟುವ ದಾರಿ ಬೇಕಿತ್ತು, ಅಷ್ಟೆ.

ಮೂವತ್ನಾಲ್ಕನೇ ವಯಸ್ಸಿನಲ್ಲಿ ಖಾಸಗಿಯಾಗಿ ಪಿಯುಸಿಗೆ ಕಟ್ಟಿದೆ. ಇಂಗ್ಲಿಷಿನಲ್ಲಿ ಒಮ್ಮೆ ಫೇಲಾದೆ. ಗಂಡ, ಸಾಕು ಬಿಡು, ಆರೋಗ್ಯ ಕೆಡಿಸ್ಕೋತೀಯ ಎಂದರು. ಆ ಅಧಿಕಾರಿಯ ಮುಖ ನೆನೆಸಿಕೊಂಡು ಮತ್ತೆ ಓದಿದೆ. ಪಾಸಾಗಿ, ತರಬೇತಿ ಮುಗಿಸಿ, ಪರೀಕ್ಷೆ ಬರೆದು, ಬೇರೆ ಬ್ರಾಂಚಿನಲ್ಲಿ ನನ್ನದೇ ಕೋಡು ತೆಗೆದುಕೊಂಡೆ. ಹೊಸ ಪಾಲಿಸಿಗಳು ನನ್ನ ಹೆಸರಿನಲ್ಲಿ ಬರತೊಡಗಿದವು. ಆ ಅರವತ್ತಮೂರು ಮಾತ್ರ ನನಗೆ ಬರುವಂತಿರಲಿಲ್ಲ. ಯಾವ ಕೋಡಿನಲ್ಲಿ ಆರಂಭವಾಗುತ್ತವೋ ಅದರಲ್ಲೇ ಕೊನೆಯವರೆಗೆ ಇರುತ್ತವೆ.

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅಧಿಕಾರಿಯೊಬ್ಬ ತನ್ನ ಮನೆಯವರ ಹೆಸರಿನಲ್ಲಿ ಏಜೆನ್ಸಿ ನಡೆಸುವುದು ತಪ್ಪು, ಸಾಬೀತಾದರೆ ಕೋಡು ರದ್ದಾಗುತ್ತದೆ ಎಂದು ಬೆಂಚಿನ ಆ ಹಿರಿಯರೇ ಹೇಳಿದ್ದರು. ಪಾಲಿಸಿದಾರರಿಗೆ ಅದರಿಂದ ಏನೂ ತೊಂದರೆಯಿಲ್ಲ ಎಂಬುದನ್ನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಆಮೇಲೆ ಮನೆಮನೆಗೆ ಹೋಗಿ, ಈ ಪಾಲಿಸಿಯ ಏಜೆಂಟರನ್ನು ನಾವು ಕಣ್ಣಿಂದ ಕಂಡೇ ಇಲ್ಲ ಎಂದು ಹತ್ತೊಂಬತ್ತು ಜನರಿಂದ ಬರೆಸಿಕೊಂಡೆ. ಜೊತೆಗೆ ನನ್ನದೂ ಒಂದು ಪತ್ರ ಇಟ್ಟು ಕಂಪನಿಯ ದೊಡ್ಡ ಕಚೇರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ.

ಐದು ತಿಂಗಳ ನಂತರ ವಿಚಾರಣೆಗೆ ಒಬ್ಬರು ಬಂದರು. ನಮ್ಮ ಕ್ಯಾಂಟೀನಿನಲ್ಲೇ ಕೂತು ಒಬ್ಬೊಬ್ಬರನ್ನೇ ಕರೆದು, ಪಾಲಿಸಿ ಮಾಡಿಸಿದ್ದು ಯಾರು ಎಂದು ಕೇಳಿದರು. ಎಲ್ಲರೂ ಪ್ಯಾಕಿಂಗ್ ಟೇಬಲ್ಲಿನ ಕಡೆ ಕೈ ತೋರಿಸಿದರು. ಕೊನೆಗೆ ನನ್ನನ್ನು ಕರೆದು, ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡಿದ್ದು ನಿಮ್ಮದೂ ತಪ್ಪೇ, ಈಗಿನ ಕೋಡಿಗೂ ಕುತ್ತು ಬರಬಹುದು, ಪತ್ರ ವಾಪಸ್ ತಗೊಳ್ತೀರಾ ಎಂದು ಕೇಳಿದರು.

"ಹೋದ್ರೆ ಎರಡೂ ಹೋಗ್ಲಿ ಸಾರ್" ಎಂದೆ.

ನನಗೆ ಎಚ್ಚರಿಕೆಯ ಪತ್ರವೊಂದು ಬಂತು, ಕೋಡು ಉಳಿಯಿತು. ಆ ತಂಗಿಯ ಕೋಡು ರದ್ದಾಯಿತು. ಅರವತ್ತಮೂರು ಪಾಲಿಸಿಗಳ ಕಮಿಷನ್ ನನಗೂ ಇಲ್ಲ, ಅವರಿಗೂ ಇಲ್ಲ, ಕಂಪನಿಯಲ್ಲೇ ಉಳಿಯಿತು. ಸುದ್ದಿ ಬಂದ ದಿನ ಅಂಗಡಿಯಿಂದ ಅರ್ಧ ಕೆಜಿ ಮೈಸೂರ್ ಪಾಕ್ ತಂದು ವಿಭಾಗದವರಿಗೆಲ್ಲ ಹಂಚಿದೆ. ಯಾಕಕ್ಕ ಎಂದವರಿಗೆ, ಸುಮ್ಮನೆ ತಿನ್ನಿ ಎಂದೆ.

ಅವನಿಗೆ ಹೆಚ್ಚೇನೂ ಆಗಲಿಲ್ಲ. ತನಗೆ ಏನೂ ಗೊತ್ತಿಲ್ಲ, ತಂಗಿಯೂ ಪ್ಯಾಕಿಂಗ್ ವಿಭಾಗದ ಆ ಹೆಂಗಸೂ ಸೇರಿ ಮಾಡಿದ್ದು ಎಂದು ಬರೆದುಕೊಟ್ಟನಂತೆ. ಒಂದು ಇನ್‌ಕ್ರಿಮೆಂಟ್ ನಿಂತಿತು, ಬೇರೆ ಬ್ರಾಂಚಿಗೆ ವರ್ಗವಾಯಿತು.

ಮೆಟ್ರೋ ಕಂಬಗಳು ಏಳುತ್ತಿದ್ದ ಆ ದಿನಗಳಲ್ಲಿ, ಒಂದು ಭಾನುವಾರ ಆ ತಂಗಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಮುಖಕ್ಕೆಲ್ಲ ಧೂಳು ಮೆತ್ತಿತ್ತು. ಕೂತುಕೊಳ್ಳಿ ಎಂದರೂ ಬಾಗಿಲಲ್ಲೇ ನಿಂತಳು. ಅಣ್ಣನ ಮನೆ ಬಿಟ್ಟೆ, ಈಗ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ ಎಂದಳು. ಕಮಿಷನ್ನಿನಲ್ಲಿ ಮುಕ್ಕಾಲು ಪಾಲು ಅಣ್ಣನೇ ಇಟ್ಟುಕೊಳ್ಳುತ್ತಿದ್ದ, ಉಳಿದಿದ್ದರಲ್ಲಿ ತನ್ನ ಮಗಳ ಶಾಲೆ ಫೀಸು ನಡೆಯುತ್ತಿತ್ತು ಎಂದಳು.

"ಅದು ನಿಮ್ಮ ದುಡ್ಡು ಅಂತ ನಂಗೆ ಗೊತ್ತಿತ್ತು. ಆದ್ರೆ ಕಾಗದ ಬರೆಯೋ ಮುಂಚೆ ಒಂದ್ಸಲ ನನ್ನ ಹತ್ರ ಬಂದು ಕೇಳ್ಬೋದಿತ್ತು."

"ಕೇಳಿದ್ರೆ ಕೊಡ್ತಿದ್ರಾ?"

ಆಕೆ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ಇಲ್ಲ" ಎಂದಳು.

ಆ ಉತ್ತರಕ್ಕಾಗಿ ಆಕೆಯ ಮೇಲೆ ನನಗೆ ಗೌರವ ಬಂತು. ಏಜೆಂಟ್ ಕೆಲಸ ಸರಿಯಾಗಿ ಕಲಿಸಿಕೊಡ್ತೀರಾ ಎಂದು ಕೇಳಿದಳು. ಕಲಿಸಬಹುದಿತ್ತು, ನನಗೆ ನಷ್ಟವೇನೂ ಇರಲಿಲ್ಲ. ಆದರೆ ನಾಲ್ಕು ವರ್ಷ ಎಲ್ಲ ತಿಳಿದೂ ಸುಮ್ಮನೆ ಸಹಿ ಹಾಕಿದ ಆ ಕೈಯನ್ನು ನೋಡುತ್ತಾ ಆಗುವುದಿಲ್ಲ ಎಂದೆ. ಆಕೆ ತಲೆಯಾಡಿಸಿ ಹೊರಟುಹೋದಳು. ಕಲಿಸಿಕೊಡಬೇಕಿತ್ತು ನೀನು ಎಂದರು ಗಂಡ. ಮಗಳ ಫೀಸಿನ ಮಾತು ಆಗಾಗ ನೆನಪಾಗುತ್ತದೆ. ನೆನಪಾದಾಗಲೆಲ್ಲ ಸಿಟ್ಟು ಮತ್ತೆ ಅವನ ಮೇಲೆಯೇ ಹೋಗುತ್ತದೆ.

ವರ್ಷದ ಮೇಲೆ, ಕ್ಲೈಮಿನ ಕೆಲಸಕ್ಕೆಂದು ಬೇರೊಂದು ಬ್ರಾಂಚಿಗೆ ಹೋಗಿದ್ದೆ. ಅವನು ಅಲ್ಲಿದ್ದ. ಸುತ್ತ ಐದಾರು ಹೊಸ ಏಜೆಂಟರು, ಎಲ್ಲರೂ ಹೆಂಗಸರೇ. ಎದುರು ಹೋಗಿ ನಿಂತು ನಮಸ್ಕಾರ ಸಾರ್ ಎಂದೆ. ಕೇಳದವನಂತೆ ಫೈಲು ತಿರುವಿದ. ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಿ, ಆ ಹೆಂಗಸರ ಕಡೆ ತಿರುಗಿ, ನಿಮ್ಮ ಪಾಲಿಸಿಗಳು ಯಾರ ಕೋಡಿನಲ್ಲಿ ಹೋಗ್ತಿವೆ ಎಂದು ಕೇಳಿದೆ. ಒಬ್ಬಾಕೆ ಅವನ ಮುಖ ನೋಡಿದಳು. ಅವನು ಎದ್ದು ಒಳಗಿನ ಕೋಣೆಗೆ ಹೋದ. ಆ ಖಾಲಿ ಕುರ್ಚಿಯಲ್ಲಿ ನಾನು ಕೂತೆ, ಪುನಃ ಕೇಳಿದೆ.