ಬುಟ್ಟಿಯ ಮೇಲಿಟ್ಟ ದನಿ

ಕೌಸರಳ ಕೈಗೆ ಯಾವ ಬುಟ್ಟಿ ಕೊಟ್ಟರೂ ಗಟ್ಟಿ ಸಾಮಾನನ್ನು ತಳಕ್ಕಿಟ್ಟು, ನಾಜೂಕಿನದನ್ನು ಕೊನೆಗೆ ಮೇಲಿಡುತ್ತಾಳೆ. ಸವಣೂರಿನಲ್ಲಿ ವೀಳ್ಯದೆಲೆ ಮಾರುವವರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವಳ ಅಪ್ಪ ಖಾದರಸಾಬ ಇವತ್ತಿಗೂ ಹಾಗೇ ಜೋಡಿಸುತ್ತಾರೆ: ಬಲಿತ ಎಲೆ ಕೆಳಗೆ, ಎಳೆಯದು ಮೇಲೆ, ಅದರ ಮೇಲೊಂದು ಒದ್ದೆ ಬಟ್ಟೆ. ಈ ಅಭ್ಯಾಸವೇ ಅವಳನ್ನು ಒಮ್ಮೆ ದಾರಿ ತಪ್ಪಿಸಿತು.

ಅವಳು ನನ್ನಲ್ಲಿ ಗಣಿತ ಕಲಿತವಳು. ಜಾಣೆ ಎನ್ನುವುದಕ್ಕಿಂತ ಹಟದವಳು ಎನ್ನುವುದು ಸರಿ. ಈಗ ಶಿಗ್ಗಾಂವಿಯಲ್ಲಿ, ತಡಸದ ಕಡೆಗೆ ಹೋಗುವ ರಸ್ತೆಯಲ್ಲಿ, ಗೊಬ್ಬರದಂಗಡಿಯ ಮಹಡಿಯ ಮೇಲಿರುವ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಮಾಲೀಕ ಧೀರೇಂದ್ರ. ಹಾನಗಲ್ಲ, ಹಿರೇಕೆರೂರ ತಾಲೂಕುಗಳ ಹಾಲಿನ ಕೇಂದ್ರಗಳಿಗೆ ಕಂಪನಿಯವರು ಯಂತ್ರ ಕೊಟ್ಟಿದ್ದಾರೆ. ಯಂತ್ರ ಹಾಲನ್ನು ಅಳೆದು, ಫ್ಯಾಟ್ ನೋಡಿ, ಎರಡನ್ನೂ ಬಾಯಿಬಿಟ್ಟು ಹೇಳುತ್ತದೆ. ಅದಕ್ಕೆ ಬಾಯಿ ಕೊಡಿಸಿದವಳು ಕೌಸರ.

ದನಿ ಮಾತ್ರ ಮಾಸೂರಿನ ಹೊನ್ನವ್ವನದು. ಅಲ್ಲಿಯ ಹೆಂಗಸರ ಹಾಲಿನ ಕೇಂದ್ರವನ್ನು ನಡೆಸುವವಳು ಅವಳೇ. ಬಿಡಿ ಅಂಕಿಗಳನ್ನು ಹೊಲಿದು ಕೂಡಿಸಿದರೆ ಬಸ್ ನಿಲ್ದಾಣದ ಕೂಗಿನಂತೆ ಕೇಳುತ್ತದೆಂದು ಕೌಸರ ಇಡೀ ಇಡೀ ವಾಕ್ಯಗಳನ್ನು ಹೇಳಿಸಿ ಮುದ್ರಿಸಿಕೊಂಡಿದ್ದಳು. ಯಂತ್ರ ಬರುವ ಮೊದಲು ಲೆಕ್ಕ ಬರೆಯುವವರು ಏನು ಓದಿದರೆ ಅದಕ್ಕೆ ಓದುಬಾರದವರು ತಲೆಯಾಡಿಸಬೇಕಿತ್ತು. ಈಗ ಸಾಲಿನಲ್ಲಿ ನಿಂತವರೆಲ್ಲರ ಕಿವಿಗೂ ಒಂದೇ ಅಂಕಿ ಬೀಳುತ್ತದೆ. ಒಂದು ಹೇಳಿ ಇನ್ನೊಂದು ಬರೆಯಲು ಆಗುವುದಿಲ್ಲ.

ಯಂತ್ರದ ತಂತ್ರಾಂಶ ಶಿಗ್ಗಾಂವಿಯಿಂದ ಒಂದು ಗಂಟಾಗಿ ಹೋಗುತ್ತದೆ. ಅದಕ್ಕೆ ಕಂಟೇನರ್ ಇಮೇಜ್ ಎನ್ನುತ್ತಾರೆ. ಕೌಸರ ಒಂದು ಸಾಲು ತಿದ್ದಿದರೂ ಸಾಕು, ಕಂಪನಿಯ ಬಿಲ್ಡ್ ವ್ಯವಸ್ಥೆ ತಾನಾಗಿಯೇ ಗಂಟನ್ನು ಪದರದ ಮೇಲೆ ಪದರವಿಟ್ಟು ಕಟ್ಟಿ, ಒತ್ತಿ ಕುಗ್ಗಿಸಿ ಹಳ್ಳಿಗಳಿಗೆ ಕಳಿಸುತ್ತದೆ. ಬೆಳಗಿನ ಹಾಲು ಬರುವುದರೊಳಗೆ ಯಂತ್ರ ಅದನ್ನು ಇಳಿಸಿಕೊಂಡು ಸಿದ್ಧವಾಗಬೇಕು. ಮಾಸೂರಿನ ಹತ್ತಿರದ ಮದಗದ ಕೆರೆಯ ಕಡೆ ನೆಟ್‌ವರ್ಕ್ ದುರ್ಬಲ. ಆ ಮಳೆಗಾಲದಲ್ಲಿ ಹೆಂಗಸರು ಕ್ಯಾನು ಹಿಡಿದು ನಿಂತರೂ ಯಂತ್ರ ಇನ್ನೂ ಗಂಟು ಇಳಿಸಿಕೊಳ್ಳುತ್ತಲೇ ಇರುತ್ತಿತ್ತು.

"ಏನವಾ ಕೌಸರ, ನಿನ್ನ ಯಂತ್ರ ಇನ್ನೂ ಮುಖಾ ತೊಳ್ಕೊಳ್ಳಾಕತ್ತೈತೇನು?" ಎಂದು ಹೊನ್ನವ್ವ ಫೋನು ಮಾಡುತ್ತಿದ್ದಳು.

"ಇಳ್ಯಾಕತ್ತೈತ್ರಿ ಅಕ್ಕಾರ, ಸ್ವಲ್ಪ ತಡೀರಿ."

"ಎಲ್ಲಿಂದ ಇಳ್ಯಾಕತ್ತೈತಿ, ಮುಗಿಲಿಂದೇನು?"

ಧೀರೇಂದ್ರ ಗಂಟಿನ ಪದರಗಳನ್ನು ತೆರೆದು ನೋಡಿದ. ಎಲ್ಲಕ್ಕಿಂತ ದೊಡ್ಡದು ದನಿಯ ಪದರ.

"ಇದನ್ನ ತಗದುಬಿಡು ಕೌಸರ. ಪರದೆ ಮ್ಯಾಲೆ ಅಂಕಿ ಬರ್ತಾವಲ್ಲ."

"ಓದಾಕ ಬರಲಾರದವರು ಏನ್ ಮಾಡಬೇಕ್ರಿ ಸರ್?"

"ಹೊನ್ನವ್ವ ಓದಿ ಹೇಳ್ತಾಳ."

"ಮೊದಲೂ ಯಾರೋ ಓದೇ ಹೇಳ್ತಿದ್ರಲ್ರಿ."

ಧೀರೇಂದ್ರ ಕೆಟ್ಟವನಲ್ಲ. ಬೆಳಿಗ್ಗೆದ್ದು ಎಲ್ಲ ಕೇಂದ್ರಗಳ ಬೈಗುಳ ತಿನ್ನುವವನೂ ಅವನೇ. "ಸೋಮವಾರದ ತನಕ ನೋಡು. ಆಗಲಿಲ್ಲಂದ್ರ ದನಿ ನಾನೇ ತಗೀತೀನಿ" ಎಂದ.

ಕೌಸರ ಎಲ್ಲರಿಗೂ ಮೊದಲು ಹೊಳೆಯುವುದನ್ನೇ ಮಾಡಿದಳು. ಒತ್ತುವ ಮಟ್ಟವನ್ನು ಕೊನೆಯವರೆಗೆ ಏರಿಸಿದಳು. ಬಿಲ್ಡ್ ಎಲ್ಲ ಸರಿಯೆಂದು ಹಸಿರು ಬಣ್ಣ ತೋರಿಸಿತು, ಉಳಿದ ಪದರಗಳು ಕುಗ್ಗಿದವು. ದನಿ ಮಾತ್ರ ಜಗ್ಗಲಿಲ್ಲ. ಮುದ್ರಿಸುವಾಗಲೇ ಹಿಂಡಿದ್ದ ದನಿಯಲ್ಲಿ ಮತ್ತೆ ಹಿಂಡಲು ಏನೂ ಉಳಿದಿರಲಿಲ್ಲ. ಇನ್ನೊಂದು ತೊಡಕೂ ಬಂತು. ಅಷ್ಟು ಬಿಗಿಯಾಗಿ ಕಟ್ಟಿದ್ದನ್ನು ಬಿಚ್ಚಲು ಹೆಚ್ಚು ಮೆಮೊರಿ ಬೇಕು, ಹಳ್ಳಿಯ ಪುಟ್ಟ ಯಂತ್ರದಲ್ಲಿ ಅಷ್ಟಿರಲಿಲ್ಲ. ಗಂಟು ಮಾಸೂರು ಮುಟ್ಟಿತು, ಬಿಚ್ಚಲಾಗದೆ ಬಿದ್ದುಕೊಂಡಿತು.

ಈ ಸಲ ಹೊನ್ನವ್ವ ನಿಜವಾಗಿಯೇ ಸಿಟ್ಟಾಗಿದ್ದಳು. "ದಿನಾ ಏನ್ ಕಳಸ್ತೀಯವಾ ಅಷ್ಟು ದೊಡ್ಡದು?"

"ನಿಮ್ಮ ದನೀನ ರಿ ಅಕ್ಕಾರ."

"ನಾ ಇಲ್ಲೇ ಮಾಸೂರಾಗ ಅದೇನಿ. ನನ್ನ ದನಿ ನನಗ ಶಿಗ್ಗಾಂವಿಂದ ದಿನಾ ಯಾಕ ಕಳಸ್ತಿ? ಹುಚ್ಚು ಹಿಡದೈತೇನು ನಿನಗ?"

ಹೊನ್ನವ್ವ ಬೈದದ್ದು ಬೈಯುವುದಕ್ಕಾಗಿ. ಕೌಸರ ಮಾತ್ರ ಆ ಪ್ರಶ್ನೆಯನ್ನೇ ಹಿಡಿದು ಕೂತಳು. ದನಿ ತಿಂಗಳುಗಳಿಂದ ಬದಲಾಗಿರಲಿಲ್ಲ. ಬದಲಾಗದ ಪದರವನ್ನು ಯಂತ್ರ ಮತ್ತೆ ಇಳಿಸಿಕೊಳ್ಳಬಾರದು, ಅದೇ ನಿಯಮ. ಆದರೂ ಯಾಕೆ ಇಳಿಸಿಕೊಳ್ಳುತ್ತಿದೆ? ಗಂಟು ಕಟ್ಟುವ ಕ್ರಮವನ್ನು ತಾನೇ ಬರೆದಿದ್ದಳು. ಅದನ್ನು ಮೊದಲಿನಿಂದ ಓದಿದಳು. ದಿನವೂ ತಿದ್ದುವ ತಂತ್ರಾಂಶವನ್ನು ಕೆಳಗಿಟ್ಟು, ದನಿಯನ್ನು ಎಳೆ ಎಲೆಯಂತೆ ಜೋಪಾನವಾಗಿ ಎಲ್ಲಕ್ಕಿಂತ ಮೇಲಿಟ್ಟಿದ್ದಳು. ಇಂಥ ಗಂಟಿನಲ್ಲಿ ಕೆಳಗಿನ ಪದರ ಬದಲಾದರೆ ಮೇಲಿನದೆಲ್ಲ ಹೊಸದಾಗಿ ಕಟ್ಟಬೇಕು. ಕಟ್ಟಿದ ಮೇಲೆ ಹಳೆಯ ದನಿಯೂ ಹೊಸ ಪದರವೇ ಆಯಿತು. ಪುನಃ ಮಾಸೂರಿಗೆ ಹೊರಟಿತು.

"ಇಷ್ಟು ದಿನ ಬುಟ್ಟಿ ಹೆಂಗ ತುಂಬಬೇಕೋ ಹಂಗ ತುಂಬಿದ್ದೆ ರಿ ಮೇಡಂ, ಅದ ತಪ್ಪಾಗಿತ್ತು" ಎಂದು ಆಮೇಲೆ ನನ್ನೆದುರು ಹೇಳಿದಳು.

ಅವಳು ದನಿಯನ್ನು ತಳಕ್ಕಿಳಿಸಿ, ತಂತ್ರಾಂಶವನ್ನು ಮೇಲಿಟ್ಟಳು. ಕಟ್ಟಿದ ಪದರಗಳನ್ನು ಎಸೆಯದೆ ಮರುದಿನಕ್ಕೆ ಕಾಯ್ದಿಡುವಂತೆ ಬಿಲ್ಡ್ ವ್ಯವಸ್ಥೆಗೆ ಹೇಳಿದಳು. ಒತ್ತುವ ಮಟ್ಟವನ್ನು ಪುಟ್ಟ ಯಂತ್ರ ತಾಳುವಷ್ಟಕ್ಕೆ ಇಳಿಸಿದಳು. ದನಿ ಕೊನೆಯದೊಂದು ಸಲ ಪೂರ್ತಿಯಾಗಿ ಹೋಗಬೇಕಿತ್ತು. ಅದನ್ನು ಶನಿವಾರ ಹಗಲಿನಲ್ಲೇ ಕಳಿಸಿದಳು. ಭಾನುವಾರ ಪರೀಕ್ಷೆಗೆಂದೇ ಒಂದು ಸಾಲು ತಿದ್ದಿ, ಹಿರೇಕೆರೂರಿನ ಬಸ್ಸು ಹತ್ತಿ ಮಾಸೂರಿಗೆ ಹೋಗಿ ಹೊನ್ನವ್ವನ ಮನೆಯಲ್ಲಿ ಉಳಿದಳು.

ಸೋಮವಾರ ಮೊದಲ ಕ್ಯಾನು ಬರುವ ಮೊದಲೇ ಯಂತ್ರ ಸಿದ್ಧವಾಗಿತ್ತು. ಮೇಲಿನ ತೆಳು ಪದರವೊಂದೇ ಹೊಸದಾಗಿ ಬಂದಿತ್ತು. ಮೊದಲ ಹಾಲು ಅಳೆಯುವಾಗ ಕೌಸರ ಧೀರೇಂದ್ರನಿಗೆ ಕರೆ ಮಾಡಿ, ಫೋನನ್ನು ಯಂತ್ರದ ಹತ್ತಿರ ಹಿಡಿದಳು. ಆ ತುದಿಯಲ್ಲಿ ಧೀರೇಂದ್ರ ದನಿಯನ್ನು ಪೂರ್ತಿ ಕೇಳಿದ. "ಇರಲಿ ಬಿಡು" ಎಂದ.

ಹೊನ್ನವ್ವನದು ಮಾತ್ರ ಬೇರೆ ತಕರಾರು. "ಆವತ್ತ ನನಗ ನೆಗಡಿ ಆಗಿತ್ತು, ಮೂಗಿನಾಗ ಮಾತಾಡೇನಿ. ಮತ್ತೊಮ್ಮೆ ತುಂಬಿಸ್ಕೋ."

"ಈಗ ಆಗಂಗಿಲ್ರಿ ಅಕ್ಕಾರ. ನಿಮ್ಮನ್ನ ತಳಕ್ಕಿಟ್ಟೇನಿ. ನಿಮ್ಮನ್ನ ಅಲುಗಿಸಿದ್ರ ಎಲ್ಲಾ ಮತ್ತ ಕಟ್ಟಬೇಕು."

ಸಾಲಿನಲ್ಲಿದ್ದವರು ನಕ್ಕರು. ಒಬ್ಬ ಮುದುಕಿ ಹಾಲು ಸುರಿದು, ಯಂತ್ರ ಹೇಳಿದ್ದನ್ನು ಕೇಳಿ, ಅಲ್ಲೇ ನಿಂತಳು.

"ಇನ್ನೊಮ್ಮೆ ಹೇಳಸ್ರಿ."

"ನಾನ ಹೇಳ್ತೇನಿ ತಗೋ ಯವ್ವ" ಎಂದಳು ಹೊನ್ನವ್ವ.

"ನೀ ಬ್ಯಾಡ," ಎಂದಳು ಮುದುಕಿ. "ಅದು ಹೇಳ್ಲಿ."