ಹಿಮದ ಇಳಿಜಾರು ದಾಟದ ಬಾವ

ಅರಾದ್ ಎಂಬಲ್ಲಿದ್ದ ನಮ್ಮ ಬಾಡಿಗೆ ಮನೆ ಖಾಲಿ ಮಾಡುವಾಗ ಕಪಾಟಿನ ಮೇಲಿದ್ದ ಸೂಟ್‌ಕೇಸ್ ತೆರೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಮೂರು ದಪ್ಪ ಚಳಿಕೋಟುಗಳು. ಎ.ಸಿ. ಇಲ್ಲದೆ ನಿದ್ದೆ ಬಾರದ ಬಹರೈನಿನಲ್ಲಿ ಇವಕ್ಕೇನು ಕೆಲಸ? ಜಾರ್ಜಿಯಾಕ್ಕೆ ಹಿಮ ನೋಡಲು ಹೋದಾಗ ಕೊಂಡದ್ದು. ಬಾವ ನೆನಪಾದರು. ಹಿಂದೆಯೇ ನಾಚಿಕೆಯೂ ಬಂತು...

ಬಾವ ಎಂದರೆ ನನ್ನ ಅಕ್ಕನ ಗಂಡ. ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವರು. ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರ್. ಮದುವೆ ಊಟಕ್ಕೆ ಹೋದರೂ ಹೊರಗೆ ಓಡುವ ಬಾಗಿಲು ಎಲ್ಲಿದೆಯೆಂದು ನೋಡಿಟ್ಟುಕೊಂಡೇ ಕೂರುವವರು. "ಏನೂ ಆಗದ ಹಾಗೆ ನೋಡುವುದೇ ನನ್ನ ಕೆಲಸ. ಏನೂ ಆಗದಿದ್ರೆ, ಇವನಿಗೆ ಸಂಬಳ ಎಂತಕ್ಕೆ ಅಂತ ಕೇಳ್ತಾರೆ ಮಾರಾಯ," ಎಂದು ನಗುತ್ತಿದ್ದರು.

ಆ ಚಳಿಗಾಲದಲ್ಲಿ ನಮ್ಮ ಕಡೆಯ ನಾಲ್ಕೈದು ಕುಟುಂಬಗಳು ಜಾರ್ಜಿಯಾಕ್ಕೆ ಒಟ್ಟಿಗೆ ಹೋಗಿದ್ದೆವು. ಹೋದ ಮೇಲೆ ಬಿಡದೆ ಗಾಳಿ, ಹಿಮ. ಅದು ನಿಂತ ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು. ಗುಡ್ಡದಾಚೆಗಿನ ಹಳೆಯ ಇಗರ್ಜಿಗೆ ನಡೆದೇ ಹೋಗುವುದೆಂದಾಯಿತು. ಹೋಟೆಲಿನ ಬೋರ್ಡಿನಲ್ಲಿ ಹಿಮಕುಸಿತದ ಅಪಾಯ ಐದರಲ್ಲಿ ಮೂರು ಎಂದು ಬರೆದಿತ್ತು.

"ಐದಕ್ಕೆ ಮೂರು ಅಂದ್ರೆ ಅರವತ್ತು ಪರ್ಸೆಂಟ್. ಫಸ್ಟ್ ಕ್ಲಾಸ್!" ಎಂದ ಗೆಳೆಯನೊಬ್ಬ. ಎಲ್ಲರೂ ನಕ್ಕೆವು.

ಬಾವ ನಗಲಿಲ್ಲ. "ಅದು ಮಾರ್ಕ್ಸ್ ಅಲ್ಲ. ನಾವು ಕಾಲಿಟ್ಟರೂ ಸಾಕು, ಹಿಮ ಜಾರಬಹುದು ಅಂತ ಲೆಕ್ಕ. ಕಡಿದಾದ ಜಾಗ ಬಂದ್ರೆ ವಾಪಸ್ ತಿರುಗುವ."

ಅಂಥ ಜಾಗ ಬಂದೇ ಬಂತು. ಇಳಿಜಾರನ್ನು ಅಡ್ಡಲಾಗಿ ದಾಟಬೇಕಿತ್ತು. ಕಾಲ ಕೆಳಗೆ ಹಿಮ ಧುಪ್ಪೆಂದು ಕುಸಿದು, ಸಣ್ಣ ಬಿರುಕೊಂದು ಮುಂದಕ್ಕೆ ಓಡಿತು. ಗಾಳಿ ತಂದು ಪೇರಿಸಿದ ಹೊಸ ಹಿಮ ಅಡಿಯದಕ್ಕೆ ಇನ್ನೂ ಅಂಟಿಕೊಂಡಿಲ್ಲ, ಈ ಬಿಸಿಲು ನಂಬುವಂಥದ್ದಲ್ಲ ಎಂದರು ಬಾವ. ನನ್ನ ಎಂಟು ವರ್ಷದ ಮಗಳ ಕೈ ಹಿಡಿದುಕೊಂಡರು.

"ನಾನು ಬರುವುದಿಲ್ಲ. ಇವಳನ್ನೂ ಬಿಡುವುದಿಲ್ಲ."

ಗೆಳೆಯರು ಬೇಡಿಕೊಂಡರು, ಛೇಡಿಸಿದರು, ಕೊನೆಗೆ ದಾಟಿಯೇಬಿಟ್ಟರು. ಮಗಳಿಗಾಗಿ ನಾನು ಮುಖ ಗಂಟಿಕ್ಕಿಕೊಂಡು ಉಳಿದೆ. ಅವರಿಗೆ ಏನೂ ಆಗಲಿಲ್ಲ. ಇಗರ್ಜಿಯ ಮುಂದೆ ಫೋಟೊ ತೆಗೆದುಕೊಂಡು ಅದೇ ದಾರಿಯಲ್ಲಿ ನಗುತ್ತಾ ಬಂದರು. ಹೋಟೆಲಿನಲ್ಲಿ ಕಾದಿದ್ದ ಬಾವ ಎದ್ದು, ಒಬ್ಬೊಬ್ಬರ ಹತ್ತಿರವೂ ಹೋಗಿ, "ಸಾರಿ, ನಿಮ್ಮ ಖುಷಿ ಹಾಳು ಮಾಡಿದೆ," ಎಂದರು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ. ಇಂಥ ಪುಕ್ಕಲನ ಬಾವಮೈದನಾದೆನಲ್ಲ ಎಂದು ಅಷ್ಟು ನಾಚಿಕೆ.

ಅಂದಿನಿಂದ ಬಾವನಿಗೆ 'ಫಸ್ಟ್ ಕ್ಲಾಸ್' ಎಂಬ ಅಡ್ಡಹೆಸರು ಬಿತ್ತು. ಮುಹರ್ರಕ್ ಪೇಟೆಯಲ್ಲಿ ಚಹಾಕ್ಕೆ ಸೇರಲಿ, ಯಾರದೋ ಮನೆಯ ಪೂಜೆಯಿರಲಿ, ಹಿಮದ ಕಥೆ ಬಂದೇ ಬರುತ್ತಿತ್ತು. ಅವರು ತಲೆ ತಗ್ಗಿಸಿ ನಗುತ್ತಿದ್ದರು. ಪ್ರವಾಸಕ್ಕೆ ಮತ್ತೆ ಯಾರೂ ಅವರನ್ನು ಕರೆಯಲಿಲ್ಲ. ಕೆಲಸ ಬಿಟ್ಟು ಊರು ಸೇರಿದ ಮೇಲೆ ಒಮ್ಮೆ ಫೋನಿನಲ್ಲಿ, "ಅವತ್ತು ದಾಟಬಹುದಿತ್ತೋ ಏನೋ... ಈಗ್ಲೂ ಅದೇ ತಲೆಯಲ್ಲಿ ಉಂಟು ಮಾರಾಯ," ಎಂದರು. ನಾನು ಮಾತು ಬದಲಿಸಿದೆ. ಆಮೇಲೆ ಅವರು ಹೆಚ್ಚು ಕಾಲ ಇರಲಿಲ್ಲ...

ಕಳೆದ ಶುಕ್ರವಾರ ಸನದ್ ಎಂಬಲ್ಲಿನ ನಮ್ಮ ಹೊಸ ಮನೆಗೆ ಅದೇ ಗೆಳೆಯರು ಊಟಕ್ಕೆ ಬಂದಿದ್ದರು. ಯಾರೋ ಹಿಮದ ಕಥೆ ತೆಗೆದರು. ಕೆಟ್ಟ ಮನಸ್ಸಿನಿಂದಲ್ಲ, ಸತ್ತವರ ಮೇಲಿನ ಪ್ರೀತಿಯಿಂದಲೇ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಾಲೇಜಿನ ರಜೆಗೆ ಬಂದಿದ್ದ ಮಗಳು ಮಾತ್ರ ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಪಪ್ಪ, ಅವತ್ತು ಮಾವ ಇಲ್ಲದಿದ್ರೆ ನೀವು ನನ್ನನ್ನು ಕರ್ಕೊಂಡು ದಾಟ್ತಿದ್ರಾ?"

ನಗು ನಿಂತಿತು. ಗೆಳೆಯರ ಮುಖ ನೋಡಿದೆ. ಹಿಮಕ್ಕಿಂತ ಇವರ ನಗೆಗೇ ಹೆದರಿದವನು ನಾನು.

"ದಾಟ್ತಿದ್ದೆ ಮಗಾ. ಮಾವ ಮಾಡಿದ್ದೇ ಸರಿ," ಎಂದೆ.

ಬಾವನ ಕಿವಿಗೆ ಬೀಳಬೇಕಿದ್ದ ಮಾತು ಅದು. ಕೇಳಲು ಅವರಿಲ್ಲ.